ಕೂಲಿಯಿಲ್ಲದ ಕಾವಲು



ಬಿಟ್‌ಕಾಯಿನ್ ಎಂದೊಡನೆ ನಿಮಗೆ ದುಡ್ಡಿನ ನೆನಪು. ನಾನು ದುಡ್ಡು ಸಿಗದವರ ಮಾತು ಹೇಳಲು ಬಂದಿದ್ದೇನೆ.

ಆ ಜಾಲದಲ್ಲಿ ಹೊಸ ಬ್ಲಾಕ್ ಕಟ್ಟುವ ಮೈನರ್‌ಗೆ 2009ರಲ್ಲಿ 50 ನಾಣ್ಯ ಸಿಗುತ್ತಿತ್ತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತಾ, 2024ರ ಏಪ್ರಿಲ್‌ನಿಂದ 3.125. ಆದರೆ ಪ್ರತಿ ಬ್ಲಾಕೂ ನಿಯಮದಂತಿದೆಯೇ ಎಂದು ಪರೀಕ್ಷಿಸುವ ನೋಡ್ ನಡೆಸುವವನಿಗೆ? (ಕನ್ನಡದಲ್ಲಿ ಹೆಸರೇ ಕೆಲಸ ಹೇಳುತ್ತದೆ: ನೋಡು!) ಬಿಡಿಗಾಸೂ ಇಲ್ಲ. ಕರೆಂಟ್ ಬಿಲ್ಲು ಅವನದೇ, 600 ಜಿಬಿ ಮೀರಿದ ಲೆಕ್ಕದ ಪುಸ್ತಕ ಇಡುವ ಡಿಸ್ಕೂ ಅವನದೇ.

ಮತ್ತೇಕೆ ನಡೆಸುತ್ತಾನೆ? ಕೈಗೆ ಬಂದ ನಾಣ್ಯ ಅಸಲಿಯೇ ಎಂದು ಇನ್ನೊಬ್ಬರನ್ನು ಕೇಳುವ ಗತಿ ಬೇಡವೆಂದು. 2017ರ ಮೇನಲ್ಲಿ ಮೈನರ್‌ಗಳ ದೊಡ್ಡ ಪಾಲು, ಹತ್ತಾರು ಕಂಪನಿಗಳು ಕೂಡಿ ಬ್ಲಾಕಿನ ಗಾತ್ರ ಹಿಗ್ಗಿಸಲು ಒಪ್ಪಂದ ಮಾಡಿಕೊಂಡವು. ನೋಡ್ ನಡೆಸುವ ಬಹಳ ಮಂದಿ ಆ ತಂತ್ರಾಂಶವನ್ನೇ ಹಾಕಿಕೊಳ್ಳಲಿಲ್ಲ! ನವೆಂಬರ್‌ನಲ್ಲಿ ಯೋಜನೆ ಕೈಬಿಟ್ಟರು.

"ಸಂಬಳ ಕೊಟ್ಟರಾಯಿತಲ್ಲ" ಅನ್ನುತ್ತೀರಿ. ಕೊಟ್ಟು ನೋಡಿ: ಒಬ್ಬನೇ ಸಾವಿರ ಹೆಸರಲ್ಲಿ ನೋಡ್ ಹಚ್ಚಿ ಸಾವಿರ ಸಂಬಳ ಎಣಿಸುತ್ತಾನೆ. ಅದಕ್ಕೇ ಎಥೀರಿಯಂ ಸಂಬಳ ಕೊಡುವ ಮುನ್ನ ಒಂದೊಂದು ವ್ಯಾಲಿಡೇಟರ್‌ಗೂ ಕನಿಷ್ಠ 32 ಈಥರ್ ಠೇವಣಿ ಇಡಿಸಿಕೊಳ್ಳುತ್ತದೆ. ಬಾಡಿಗೆ ರೂಮಿನ ಹುಡುಗನ ಹತ್ತಿರ ಅಷ್ಟು ಎಲ್ಲಿಂದ ಬರಬೇಕು, ಹೇಳಿ?