ಜೇಡಿಮಣ್ಣಿನ ಮೇಲೆ ಮನೆ ಕಟ್ಟುವವರಿಗೆ ನಾಲ್ಕು ಮಾತು

(ಬೆಳ್ಳಿಹಬ್ಬದ ಅಂಗವಾಗಿ ಸಂಘದ ಗೋದಾಮಿನಲ್ಲಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಇಂಜಿನಿಯರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಗದ್ದೆಗಿಳಿದವನು. ಹಾಗಿದ್ದ ಮೇಲೆ ಮನೆ ಕಟ್ಟೋ ವಿಚಾರ ಇವನಿಗ್ಯಾಕೆ ಅಂತ ಯಾರಾದರೂ ಕೇಳಬಹುದು. ನಿರ್ದೇಶಕನಾಗಿ ಸಾಲದ ಅರ್ಜಿ ನೋಡ್ತಾ ಬಂದವನಿಗೆ ಒಂದು ವಿಷಯ ಗೊತ್ತಾಗಿದೆ. ಅರ್ಜಿಯಲ್ಲಿ ಭತ್ತ, ಕಬ್ಬು ಅಂತ ಬರೆದಿರುತ್ತೆ, ದುಡ್ಡು ಮಾತ್ರ ಪಾಯಕ್ಕೆ ಇಳಿದಿರುತ್ತೆ. ಎಲ್ಲರಿಗೂ ಗೊತ್ತು, ಯಾರೂ ಹೇಳಲ್ಲ. ಪಾಯಕ್ಕೆ ಹಾಕಿದ ದುಡ್ಡು ಗಟ್ಟಿಯಾಗಿ ಕೂತರೆ ಸರಿ. ಮೂರೇ ವರ್ಷಕ್ಕೆ ಗೋಡೆ ಸೀಳಿದರೆ ಬೆಳೆಯೂ ಇಲ್ಲ, ಮನೆಯೂ ಇಲ್ಲ, ಸಾಲ ಮಾತ್ರ ಉಳಿಯುತ್ತೆ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ನಮ್ಮ ಸುತ್ತಿನ ನಾಲ್ಕು ತಾಲ್ಲೂಕಲ್ಲಿ ಮಣ್ಣು ಒಂದೇ ತರ ಇಲ್ಲ. ನಾಗಮಂಗಲದ ಕಡೆ ಹೆಚ್ಚಿನ ಭಾಗ ಕೆಮ್ಮಣ್ಣು, ಗರಸು. ಮೂರಡಿ ತೋಡಿದರೆ ಗಟ್ಟಿ ಸಿಕ್ಕುತ್ತೆ, ಅವರು ಪುಣ್ಯವಂತರು. ಕೆ.ಆರ್.ಪೇಟೆಯಲ್ಲಿ ಮೇಡೆಲ್ಲ ಕೆಂಪು, ಆದರೆ ಕೆರೆ ಹಿಂದಿನ ಬಯಲು, ನಾಲೆ ಕೆಳಗಿನ ತಗ್ಗು ಜೇಡಿ. ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿನ ವಿಚಾರವನ್ನಂತೂ ಕೇಳೋದೇ ಬೇಡ. ತಲೆಮಾರುಗಟ್ಟಲೆ ನೀರು ನಿಂತು, ಗೋಡು ಕೂತು, ಮಳೆಗಾಲದಲ್ಲಿ ಕಾಲು ಹೂತುಹೋಗುತ್ತೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತೆ.

ನಮ್ಮ ಹಿರೀಕರು ಇದನ್ನು ಓದಿ ತಿಳಿದವರಲ್ಲ, ಕಂಡು ತಿಳಿದವರು. ಯಾವ ಹಳೇ ಊರನ್ನಾದರೂ ನೋಡಿ, ಗ್ರಾಮಠಾಣ ಇರೋದು ಮೇಡಿನ ಮೇಲೆ, ಗದ್ದೆ ಇರೋದು ತಗ್ಗಲ್ಲಿ. ಈಗ ಮನೆಮಂದಿ ಭಾಗ ಆಗಿ ಊರೊಳಗೆ ಜಾಗ ಸಾಲ್ದು. ಗದ್ದೆಗೆ ಎರಡು ಲಾರಿ ಮಣ್ಣು ಹೊಡೆಸಿ ಸೈಟು ಅಂತೀವಿ. ಮೇಲೆ ಹೊಡೆಸಿದ್ದು ಕೆಮ್ಮಣ್ಣೇ, ಆದರೆ ಕೆಳಗಿರೋದು ಗದ್ದೇನೇ.

ಇಂಥಾ ಮಣ್ಣಿನ ಗುಣ ಏನಪ್ಪಾ ಅಂದರೆ ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಮನೆಯ ನಾಲ್ಕೂ ಮೂಲೆ ಒಂದೇ ಸಮ ಉಬ್ಬಿ ಒಂದೇ ಸಮ ಕುಗ್ಗಿದರೆ ತೊಂದರೆ ಇರ್ತಿರಲಿಲ್ಲ. ಬಚ್ಚಲು ನೀರು ಹೋಗೋ ಮೂಲೆ ಯಾವಾಗಲೂ ಹಸಿ, ಬಿಸಿಲು ಹೊಡೆಯೋ ಮೂಲೆ ಯಾವಾಗಲೂ ಒಣ. ಒಂದು ಏಳುತ್ತೆ, ಒಂದು ಇಳಿಯುತ್ತೆ, ಮಧ್ಯೆ ಗೋಡೆ ಸೀಳುತ್ತೆ.

ನಮ್ಮ ದಾಯಾದಿಯೊಬ್ಬರು 2021ರಲ್ಲಿ ಗದ್ದೆ ಸೈಟಲ್ಲಿ ಮನೆ ಕಟ್ಟಿದರು. ಮೇಸ್ತ್ರಿ ಹೆಸರು ಬೇಡ. ಪಾಯ ಎರಡೂವರೆ ಅಡಿ, ತೆಗೆದ ಮಣ್ಣನ್ನೇ ಮತ್ತೆ ತುಂಬಿದ್ದು, ಪ್ಲಿಂತ್ ಬೀಮ್ ಇಲ್ಲ. ಮುಂದುಗಡೆ ಎಲಿವೇಷನ್‌ಗೆ ಮಾತ್ರ ಗ್ರಾನೈಟು. 2022ರಲ್ಲಿ ಮಳೆ ಹೇಗೆ ಹುಯ್ದಿತ್ತು ಅಂತ ನಿಮಗೆ ನೆನಪಿದೆ. ಅದರ ಹಿಂದೆಯೇ 2023ರ ಬರ ಬಂತು. ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು, ನಾಲೆಗೂ ನೀರಿಲ್ಲ. ಉಬ್ಬಿದ್ದ ಮಣ್ಣು ಒಂದೇ ಸಲ ಕುಗ್ಗಿತು. ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಎದ್ದು ಬೆರಳು ಹೋಗುವಷ್ಟಾಯ್ತು. ಬಾಗಿಲು ಹಾಕಿದರೆ ತೆಗೆಯೋಕಾಗಲ್ಲ, ತೆಗೆದರೆ ಹಾಕೋಕಾಗಲ್ಲ. ಮೂರು ಸಲ ಗಾರೆ ಮೆತ್ತಿಸಿದರು, ಮೂರು ಸಲವೂ ಅದೇ ಜಾಗದಲ್ಲಿ ಬಿಟ್ಟಿತು. ಮೆತ್ತಿದರೆ ನಿಲ್ಲೋ ಬಿರುಕಲ್ಲ ಅದು. ನೆಲದೊಳಗಿಂದ ಬಂದದ್ದು.

ಹಾಗಾದ್ರೆ ಏನು ಮಾಡೋದು? ಮೊದಲು ನಿಮ್ಮ ಮಣ್ಣು ಉಬ್ಬೋ ಜಾತಿಯೋ ಅಲ್ಲವೋ ತಿಳಿಯಿರಿ. ಪ್ರಯೋಗಾಲಯದಲ್ಲಿ ಮಾಡೋ ಪರೀಕ್ಷೆಯನ್ನೇ ಸ್ವಲ್ಪ ಒರಟಾಗಿ ಮನೇಲೂ ಮಾಡಬಹುದು. ಪಾಯದ ಆಳದ ಮಣ್ಣು ತಂದು, ಒಣಗಿಸಿ, ಪುಡಿ ಮಾಡಿ, ನಯವಾದ ಜರಡಿ ಹಿಡಿಯಿರಿ. ಗೆರೆ ಇರೋ ಎರಡು ಉದ್ದನೆ ಗಾಜಿನ ಕೊಳವೆಗೆ ತಲಾ 10 ಗ್ರಾಂ ಹಾಕಿ. ಒಂದಕ್ಕೆ ನೀರು, ಒಂದಕ್ಕೆ ಸೀಮೆಎಣ್ಣೆ ತುಂಬಿ ಕಲಕಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬಲ್ಲ, ನೀರಲ್ಲಿ ಉಬ್ಬುತ್ತೆ. ಸೀಮೆಎಣ್ಣೆಯಲ್ಲಿ 10 ಗೆರೆ ಕೂತ ಮಣ್ಣು ನೀರಲ್ಲಿ 12 ಗೆರೆಯೊಳಗಿದ್ದರೆ ಹೆದರಬೇಕಿಲ್ಲ. 15 ದಾಟಿದರೆ ಇಂಜಿನಿಯರನ್ನು ಕೇಳದೆ ಗುದ್ದಲಿ ಪೂಜೆ ಮಾಡಬೇಡಿ. (ಸೀಮೆಎಣ್ಣೆ ಎಲ್ಲಿ ಸಿಗುತ್ತೆ ಸ್ವಾಮಿ ಅಂತ ಹಿಂದಿನ ಸಾಲಲ್ಲಿ ಯಾರೋ ಅಂದರು. ಹೌದು, ಈಗ ಅದೇ ಕಷ್ಟ!)

ಪಾಯದ ವಿಚಾರ. ಬೇಸಿಗೆ ಬಿರುಕು ಎಷ್ಟು ಆಳಕ್ಕೆ ಇಳಿಯುತ್ತೋ ಅದಕ್ಕಿಂತ ಕೆಳಗೆ ಪಾಯ ಕೂರಬೇಕು. ಮೇಲಿನ ಐದಾರಡಿ ಮಣ್ಣು ಯಾವಾಗಲೂ ಆಡ್ತಾ ಇರುತ್ತೆ, ಕೆಲವು ಕಡೆ ಇನ್ನೂ ಆಳ. ಅಷ್ಟರೊಳಗೆ ಗರಸೋ ಗಟ್ಟಿಯೋ ಸಿಕ್ಕಿದರೆ ಅಲ್ಲಿಗೇ ಇಳಿಸಿ. ಸಿಗದಿದ್ದರೆ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥಾ ಮಣ್ಣಿಗೆಂದೇ ರೂಢಿಗೆ ತಂದ ಒಂದು ಕ್ರಮ ಇದೆ. ನೆಲದೊಳಗೆ ಕೊರೆದು, ತಳದಲ್ಲಿ ಗಡಿಗೆಯ ಹೊಟ್ಟೆ ತರ ಅಗಲ ಮಾಡಿ, ಕಂಬಿ ಇಳಿಸಿ ಕಾಂಕ್ರೀಟು ತುಂಬೋದು. ಮೇಲಿನ ಮಣ್ಣು ಎಷ್ಟೇ ಎತ್ತಿದರೂ ಆ ಹೊಟ್ಟೆ ಕಂಬವನ್ನು ಬಿಗಿಯಾಗಿ ಹಿಡಿಯುತ್ತೆ.

ಸಾಧಾರಣ ಮನೆಗೆ ಮೂರು ಕೆಲಸ ತಪ್ಪಿಸಬೇಡಿ. ತೆಗೆದ ಜೇಡಿಯನ್ನು ವಾಪಸ್ಸು ಪಾಯಕ್ಕೆ ತುಂಬಬೇಡಿ, ಗರಸು ತಂದು ಆರಾರು ಇಂಚು ಪದರ ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಸಿ. ಕೆಲವರು ಬರೀ ಮರಳು ತುಂಬ್ತಾರೆ. ಜೇಡಿಯ ಗುಂಡಿಯಲ್ಲಿ ಮರಳು ಅಂದರೆ ನೆಲದೊಳಗೆ ಕೆರೆ ಕಟ್ಟಿದ ಹಾಗೆ, ಎಲ್ಲಾ ನೀರೂ ಬಂದು ಅಲ್ಲೇ ನಿಲ್ಲುತ್ತೆ. ಎರಡನೆಯದು, ಸುತ್ತಲೂ ಅಡ್ಡಗೋಡೆಗೂ ಸೇರಿಸಿ ಪ್ಲಿಂತ್ ಬೀಮ್, ಬಾಗಿಲ ಮೇಲೆ ಸುತ್ತಲೂ ಒಂದೇ ಲಿಂಟಲ್. ಗಾಡಿ ಚಕ್ರಕ್ಕೆ ಹಳಿ ಹಾಕಿದ ಹಾಗೆ ಮನೆಯೆಲ್ಲ ಒಂದಾಗಿ ನಿಲ್ಲುತ್ತೆ. ಮೂರನೆಯದು, ಗೋಡೆ ಸುತ್ತ ಮೂರು ನಾಲ್ಕಡಿ ಅಗಲ ಕಾಂಕ್ರೀಟು ಜಗುಲಿ ಹೊರಗಡೆಗೆ ಇಳಿಜಾರಾಗಿರಬೇಕು. ತಾರಸಿ ನೀರು, ಬಚ್ಚಲು ನೀರು ಪೈಪಲ್ಲಿ ದೂರ ಹೋಗಲಿ. ಗೋಡೆ ಬುಡದಲ್ಲಿ ಬಾಳೆ ಬೆಳೆಯೋ ಆಸೆ ಬಿಡಿ. ದೊಡ್ಡ ಮರ ಅದರ ಎತ್ತರದಷ್ಟು ದೂರ ಇರಲಿ, ಬೇಸಿಗೆಯಲ್ಲಿ ಬೇರು ನಿಮ್ಮ ಪಾಯದಡಿಯ ತೇವವನ್ನೇ ಹೀರುತ್ತೆ.

ಇನ್ನು ಕಾಂಕ್ರೀಟು. ಜಲ್ಲಿ ವಿಚಾರಕ್ಕೆ ಹೋಗಲ್ಲ. ಬೇಬಿಬೆಟ್ಟದ ಮಾತು ಎತ್ತಿದರೆ ಸಂಜೆಯಾಗುತ್ತೆ. ಕೆಡಿಸೋದು ಸಿಮೆಂಟಿಗಿಂತ ಹೆಚ್ಚಾಗಿ ನೀರು. ಮೌಲ್ಡ್ ಹಾಕೋ ದಿನ ಆಳುಗಳು ಸಲೀಸಾಗಿ ಹರಡಲಿ ಅಂತ ಪೈಪು ಬಿಡ್ತಾರೆ. ಒಂದು ಮೂಟೆ, ಅಂದರೆ 50 ಕೆ.ಜಿ. ಸಿಮೆಂಟಿಗೆ 25ರಿಂದ 27 ಲೀಟರ್ ಸಾಕು. ಮರಳು ಹಸಿ ಇದ್ದರೆ ಇನ್ನೂ ಕಡಿಮೆ. ಹೆಚ್ಚಿಗೆ ಹಾಕಿದ ನೀರು ಆವಿಯಾಗಿ ಹೋದ ಮೇಲೆ ಆ ಜಾಗ ಪೊಳ್ಳು. ಆ ಪೊಳ್ಳಿನಲ್ಲೇ ಮಳೆ ನೀರು ಇಳಿದು ಕಂಬಿ ತುಕ್ಕು ಹಿಡಿಯೋದು. ಬಾಣಲಿ ಲೆಕ್ಕವೂ ಬೇಡ, ಒಬ್ಬ ತುಂಬಿದ್ದು ಗೋಪುರ, ಇನ್ನೊಬ್ಬ ತುಂಬಿದ್ದು ತಟ್ಟೆ. 35 ಲೀಟರ್ ಹಿಡಿಯೋ ಮರದ ಪೆಟ್ಟಿಗೆ ಮಾಡಿಸಿ. ಒಂದು ಮೂಟೆಗೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ಚೌಳು ಭೂಮಿಯ ಬೋರ್ ನೀರು ಕಲಸೋಕೆ ಬೇಡ, ಕುಡಿಯೋಕೆ ಆಗೋ ನೀರೇ ಆಗಬೇಕು. ಕಂಬಿ ಕೆಳಗೆ ಜಲ್ಲಿ ಚೂರು ಇಡದೆ ಕವರ್ ಬ್ಲಾಕ್ ಇಡಿ. ಮೌಲ್ಡಿಗೆ 20 ಮಿ.ಮೀ., ಪಾಯದ ಕಾಂಕ್ರೀಟಿಗೆ 50 ಮಿ.ಮೀ.

ನಮ್ಮಲ್ಲಿ ಮನೆ ಕೆಲಸ ಜೋರಾಗಿ ನಡೆಯೋದು ಸುಗ್ಗಿ ಕಳೆದ ಮೇಲೆ, ಬೇಸಿಗೆಯಲ್ಲಿ. ನೆತ್ತಿ ಸುಡೋ ಬಿಸಿಲು, ಅದರ ಮಧ್ಯೆ ಭರಣಿ ಮಳೆ ಗುಡುಗಿ ಬರುತ್ತೆ. ಬಿಸಿಲಲ್ಲಿ ಹಾಕಿದ ಮೌಲ್ಡು ಅದೇ ಮಧ್ಯಾಹ್ನ ಜೇಡರ ಬಲೆ ತರ ಬಿರುಕು ಬಿಡುತ್ತೆ. ಬೆಳಗ್ಗೆ ಬೇಗ ಶುರು ಮಾಡಿ, ಸೆಂಟ್ರಿಂಗ್ ಹಲಗೆಗೆ ಮೊದಲೇ ನೀರು ಹೊಡೆಯಿರಿ, ಮೇಲ್ಮೈ ಬಿಗಿಯುತ್ತಿದ್ದ ಹಾಗೇ ಒದ್ದೆ ಗೋಣಿತಾಟು ಹೊದಿಸಿ. ಟಾರ್ಪಾಲು ಪಕ್ಕದಲ್ಲೇ ಇರಲಿ. ಮಳೆ ಬಿದ್ದ ಮೇಲೆ ಒಣ ಸಿಮೆಂಟು ಚೆಲ್ಲಿ ಉಜ್ಜೋದು ಕಣ್ಣಿಗೆ ಮಣ್ಣೆರಚೋ ಕೆಲಸ. ಮರುದಿನ ಜೇಡಿಯಲ್ಲೇ ಬದು ಕಟ್ಟಿ, ಸಸಿ ಮಡಿಗೆ ನಿಲ್ಲಿಸಿದ ಹಾಗೆ ನೀರು ನಿಲ್ಲಿಸಿ. ಅದೊಂದು ಕೆಲಸಕ್ಕೆ ನಮ್ಮ ಮಣ್ಣಿನಷ್ಟು ಒಳ್ಳೇದು ಬೇರೆ ಇಲ್ಲ. ಎಷ್ಟು ದಿನ? ಕಡಿಮೆ ಅಂದರೂ ಹತ್ತು, ಬೇಸಿಗೆಯಲ್ಲಿ ಹದಿನಾಲ್ಕು. ಮೂರು ದಿನಕ್ಕೆ ನೀರು ಬಿಡಿಸಿ ಮೇಲೆ ಇಟ್ಟಿಗೆ ಏರಿಸೋರಿಗೆ ಒಂದು ಮಾತು. ಕನ್ನಂಬಾಡಿ ಕಟ್ಟೆ 1911ರಲ್ಲಿ ಶುರುವಾಗಿ 1932ರ ಹೊತ್ತಿಗೆ ಮುಗಿದದ್ದು ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ. ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಅದನ್ನು ಸುಣ್ಣದ ಜೊತೆ ಅರೆದದ್ದು. ಈಗ ಅಂಗಡಿಯಲ್ಲಿ ಸಿಗೋ ಹಾರುಬೂದಿ ಬೆರೆಸಿದ ಪಿ.ಪಿ.ಸಿ. ಸಿಮೆಂಟು ಒಂದು ಲೆಕ್ಕದಲ್ಲಿ ಅದರ ನೆಂಟನೇ. ನಿಧಾನಕ್ಕೆ ಗಟ್ಟಿಯಾಗುತ್ತೆ, ಆದರೆ ಅಲ್ಲೀತನಕ ಒದ್ದೆ ಇರಬೇಕು.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಅಂತೀರಿ. ವಸತಿ ಯೋಜನೆಯ ಹಣ ಬಯಲು ಸೀಮೆಗೂ ಜೇಡಿ ಭೂಮಿಗೂ ಒಂದೇ, ನಿಜ. ಹಾಗಾಗಿ ಮನೆ ಎರಡು ಅಂಕಣ ಚಿಕ್ಕದಾಗಲಿ, ಟೈಲ್ಸು ಮುಂದಿನ ವರ್ಷ ಆಗಲಿ, ಪಾಯದಲ್ಲಿ ಮಾತ್ರ ಜಿಪುಣತನ ಬೇಡ ಅನ್ನೋದು ನನ್ನ ಅಭಿಪ್ರಾಯ. ಹೆಂಗಸರು ಇಲ್ಲಿದ್ದೀರಿ, ಈ ವಿಷಯದಲ್ಲಿ ಗಂಡಸರಿಗಿಂತ ನಿಮ್ಮ ಮಾತೇ ನಡೆಯೋದು, ಹೇಳಿ.

ಕೊನೆಗೆ ಒಂದು ಸಲಹೆ. ಔಷಧಿ ಹೊಡೆಯೋ ಪಂಪನ್ನು ಸಂಘದಿಂದ ಬಾಡಿಗೆಗೆ ಕೊಡುವ ಹಾಗೆ ಒಂದು ವೈಬ್ರೇಟರು, ಎರಡು ಅಳತೆ ಪೆಟ್ಟಿಗೆ, ನಾಲ್ಕು ಟಾರ್ಪಾಲು, ಮಣ್ಣು ಪರೀಕ್ಷೆಗೆ ಗಾಜಿನ ಕೊಳವೆ ಇವನ್ನೂ ಇಟ್ಟರೆ ಸದಸ್ಯರಿಗೆ ಅನುಕೂಲ. ಮುಂದಿನ ಮಹಾಸಭೆಯಲ್ಲಿ ಇದನ್ನು ವಿಷಯಪಟ್ಟಿಗೆ ಸೇರಿಸುವಂತೆ ಕಾರ್ಯದರ್ಶಿಗಳಿಗೆ ಬರೆದುಕೊಟ್ಟಿದ್ದೇನೆ. ಒಪ್ಪಿಗೆ ಇದ್ದವರು ಅವತ್ತು ಬಂದು ಕೈ ಎತ್ತಬೇಕು.