ಆರಗದಲ್ಲಿ ನಾವು ಕಳೆದ ಬೇಸಿಗೆ

(ಎಸ್ಟೇಟ್ ಕೆಲಸಗಾರರ ಅನ್ಯೋನ್ಯ ಕೂಟದಲ್ಲಿ ಮಾಡಿದ ಭಾಷಣ)



ಕಾಫಿ ಕೊಯ್ಲು ಮುಗಿದ ಮೇಲೆ ನಮ್ಮ ಕುಟುಂಬ ಆರು ವಾರ ಆರಗ ಎಂಬ ಊರಿನಲ್ಲಿ ಇದ್ದು ಬಂದದ್ದು ನಿಮಗೆಲ್ಲ ತಿಳಿದಿದೆ. ಅಲ್ಲಿ ಏನು ಮಾಡಿದಿರಿ, ಮರಳಿದ ಮೇಲೆ ಮಗಳ ಹೆಸರನ್ನು ಏಕೆ ಚೆಕ್‌ರೋಲಿಗೆ ಬರೆಸಲಿಲ್ಲ ಎಂದು ಲೈನಿನಲ್ಲಿ ಅನೇಕರು ಕೇಳುತ್ತಿದ್ದಾರೆ. ಎರಡು ಪ್ರಶ್ನೆಗೂ ಉತ್ತರ ಒಂದೇ ಆದ್ದರಿಂದ ಅದನ್ನು ಈ ಕೂಟದ ಮುಂದೆ ಇಡುತ್ತೇವೆ.

ಆರಗವು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಮೀರಜ ತಾಲ್ಲೂಕಿಗೆ ಸೇರಿದ ಊರು. ಮೀರಜಿನಿಂದ ಪಂಢರಪುರದ ಕಡೆಗೆ ಹೋಗುವ ರೈಲು ದಾರಿಯಲ್ಲಿದೆ. ಅಥಣಿ ಸೀಮೆ ಅಲ್ಲಿಂದ ದೂರವಿಲ್ಲ. ಆದ್ದರಿಂದ ಬಸ್ಸಿನ ಬೋರ್ಡು ಮರಾಠಿ, ಅಡುಗೆಮನೆಯ ಮಾತು ಕನ್ನಡ ಎಂಬಂಥ ಮನೆಗಳು ಬೇಕಾದಷ್ಟಿವೆ. ನಮ್ಮ ಅಕ್ಕನನ್ನು ಕೊಟ್ಟದ್ದು ಆ ಊರಿಗೆ. ಭಾವ ತೀರಿಹೋದ ಮೇಲೆ ಅಕ್ಕ ಎಲೆತೋಟದ ಕೂಲಿಯಲ್ಲಿ ಬದುಕುತ್ತಿದ್ದಾರೆ. ಮಕ್ಕಳಿಗೆ ರಜಾ ಸತ್ಯವೇದ ಶಾಲೆ ನಡೆಸಲು ಕನ್ನಡ ಬಲ್ಲವರು ಬೇಕೆಂದು ಅವರು ಹೇಳಿಕಳುಹಿಸಿದ್ದರಿಂದ ಹೊರಟೆವು.

ಆರಗ, ಬೇಡಗ ಈ ಎರಡು ಊರುಗಳು ವೀಳ್ಯದೆಲೆಗೆ ಹೆಸರಾದವು. ಅಲ್ಲಿಯ ಎಲೆತೋಟವನ್ನು ನೋಡಿದರೆ ನಮ್ಮವರಿಗೆ ಗುರುತು ಸಿಗದೆ ಇರದು. ವೀಳ್ಯದ ಬಳ್ಳಿಯೂ ನಮ್ಮ ಮೆಣಸಿನ ಬಳ್ಳಿಯೂ ಒಂದೇ ಕುಲದವು. ಅವರು ಪಾಂಗಾರಾ ಎನ್ನುವ ಮರ ನಾವು ಮೆಣಸು ಹಬ್ಬಿಸುವ ಹಾಲುವಾಣವೇ. ಆದರೆ ನಾವು ಮಾಡದ ಒಂದು ಕೆಲಸ ಅಲ್ಲಿದೆ. ಬಳ್ಳಿ ಮರದ ತುದಿಗೆ ಏರಿ ಎಲೆ ಸಣ್ಣದಾದಾಗ ಅದನ್ನು ಮೆಲ್ಲಗೆ ಬಿಡಿಸಿ, ಕೆಳಕ್ಕೆ ಇಳಿಸಿ, ಸುರುಳಿ ಸುತ್ತಿ ಬುಡದ ಮಣ್ಣಿನಲ್ಲಿ ಹೂಳುತ್ತಾರೆ. ತುದಿಯಷ್ಟನ್ನು ಮಾತ್ರ ಮೇಲೆ ಬಿಟ್ಟು ಮರಕ್ಕೆ ಕಟ್ಟುತ್ತಾರೆ. ಹೂತ ಗೆಣ್ಣುಗಳಲ್ಲಿ ಹೊಸ ಬೇರು ಬರುತ್ತದೆ, ಬಳ್ಳಿಗೆ ಮತ್ತೆ ಹರೆಯ ಬರುತ್ತದೆ. ಯೋಹಾನನ ಸುವಾರ್ತೆಯ ಹದಿನೈದನೆಯ ಅಧ್ಯಾಯವನ್ನು ಮಕ್ಕಳಿಗೆ ಕಲಿಸಲು ನಮಗೆ ಬೇರೆ ಚಿತ್ರಪಟ ಬೇಕಾಗಲಿಲ್ಲ.

ಬೆಳಿಗ್ಗೆ ಅಕ್ಕನ ಜೊತೆ ಎಲೆ ಕೀಳಲು ಹೋಗುವುದು, ಮಧ್ಯಾಹ್ನ ಮಕ್ಕಳ ಪಾಠ, ಸಂಜೆ ಮನೆ ಮನೆಯಲ್ಲಿ ಪ್ರಾರ್ಥನೆ, ಇದು ನಮ್ಮ ದಿನಚರಿ. ಕಬ್ಬಿನ ಹೊಲದ ಬದಿಯಲ್ಲಿ ಖಾಲಿ ಗುಡಿಸಲುಗಳ ಗುರುತು ಕಂಡೆವು. ಬೀಡ ಮುಂತಾದ ಜಿಲ್ಲೆಗಳಿಂದ ಕಬ್ಬು ಕಡಿಯಲು ಬರುವ ಕುಟುಂಬಗಳು ಕಾರ್ಖಾನೆ ನಿಂತಮೇಲೆ ಊರಿಗೆ ಮರಳುತ್ತವೆ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ‘ಕೋಯತಾ’, ಅಂದರೆ ಒಂದು ಕತ್ತಿ, ಎಂದು ಲೆಕ್ಕ ಹಿಡಿಯುತ್ತಾರೆ. ಮುಕ್ಕಾದಮನಿಂದ ಮುಂಗಡ ತೆಗೆದುಕೊಂಡಿರುತ್ತಾರೆ. ಅದು ತೀರದಿದ್ದರೆ ಮುಂದಿನ ವರ್ಷ ಮತ್ತೆ ಬರಬೇಕು. ತಂದೆತಾಯಿಯ ಹಿಂದೆ ಬಂದ ಮಕ್ಕಳ ಶಾಲೆ ಅರ್ಧ ವರ್ಷ ನಿಲ್ಲುತ್ತದೆ. ಅಡ್ವಾನ್ಸ್ ಎಂದರೇನೆಂದು ಬಲ್ಲ ನಿಮಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಮೇ ತಿಂಗಳಲ್ಲಿ ಒಂದು ದಿನ ಪಾಠಶಾಲೆಯ ಮಕ್ಕಳನ್ನು ಕರೆದುಕೊಂಡು ದಂಡೋಬಾ ಬೆಟ್ಟ ಹತ್ತಿದೆವು. ಭೋಸೆ ಊರಿನ ತನಕ ಬಸ್ಸು, ಆಮೇಲೆ ಕಾಲುನಡಿಗೆ. ಬಿಸಿಲೇರುವ ಮುಂಚೆ ಮೇಲೆ ಮುಟ್ಟಬೇಕೆಂದು ಕತ್ತಲೆಯಲ್ಲೇ ಹೊರಟಿದ್ದೆವು. ಬೆಟ್ಟದ ಮೇಲೆ ಕಲ್ಲಿನಲ್ಲಿ ಕೊರೆದ ಹಳೆಯ ಶಿವನ ಗುಡಿ ಇದೆ, ಸುತ್ತ ಅರಣ್ಯ. ಮೇಲೆ ನಿಂತು ನೋಡಿದರೆ ಕೆಲವು ಕಡೆ ಹಸಿರು, ಕೆಲವು ಕಡೆ ಬರೀ ಕೆಂದು ನೆಲ. ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಪಂಪಿನಿಂದ ಹಂತಹಂತವಾಗಿ ಎತ್ತಿ ಈ ಬರದ ಸೀಮೆಗೆ ಬಿಡುತ್ತಾರೆ. ನೀರು ಮುಟ್ಟಿದಲ್ಲಿ ದ್ರಾಕ್ಷಿ, ಮುಟ್ಟದಲ್ಲಿ ಜಾಲಿ.

ಅಲ್ಲಿ ಕುಳಿತು ಬುತ್ತಿ ಬಿಚ್ಚಿದಾಗ ಅಕ್ಕ 2016ರ ಬರಗಾಲದ ಮಾತು ತೆಗೆದರು. ಆ ಏಪ್ರಿಲ್‌ನಲ್ಲಿ ಲಾತೂರಿಗೆ ಕುಡಿಯುವ ನೀರಿಲ್ಲದೆ ಮೀರಜಿನಿಂದ ರೈಲಿನಲ್ಲಿ ನೀರು ಕಳುಹಿಸಿದರು. ಮೊದಲ ಗಾಡಿಗೆ ಹತ್ತು ವ್ಯಾಗನ್, ಸುಮಾರು 5 ಲಕ್ಷ ಲೀಟರ್. “ನಮ್ಮ ಊರ ಮುಂದನ ಹೋತ್ರಿ ಆ ಗಾಡಿ. ನಮ್ಮ ಕೊಡಾನೂ ಖಾಲಿನ ಇದ್ದವು. ಆದ್ರ ಅವ್ರಿಗೆ ನಮಗಿಂತ ಜಾಸ್ತಿ ಬೇಕಾಗಿತ್ತು ನೋಡ್ರಿ” ಎಂದರು. ಈ ಮಾತು ನಮ್ಮ ಮಗಳ ಮನಸ್ಸಿಗೆ ಹತ್ತಿತು.

ಮರುವಾರ ಅಕ್ಕನ ನೆರೆಮನೆಯ ಮುದುಕಿಯನ್ನು ಮೀರಜಿನ ಒಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು. ಆ ವಾರ್ಡಿನ ನರ್ಸುಗಳಿಗೆ ಕನ್ನಡ ಬಾರದು. ನೋವು ಎಲ್ಲಿದೆ ಎಂದು ಕೇಳಿದರೆ ಅಜ್ಜಿ ಅಳುವುದಷ್ಟೇ. ನಮ್ಮ ಮಗಳು ಮೂರು ದಿನ ಹಾಸಿಗೆಯ ಪಕ್ಕದಲ್ಲೇ ಕುಳಿತಳು. ನಾಲ್ಕು ವಾರಗಳಲ್ಲಿ ಕಲಿತ ಮರಾಠಿಯಲ್ಲಿ ಅಲ್ಲಿಗೂ ಇಲ್ಲಿಗೂ ಮಾತು ದಾಟಿಸಿದಳು. ನಾಲ್ಕನೆಯ ದಿನ ಅಜ್ಜಿ ಎದ್ದು ಗಂಜಿ ಕುಡಿದರು. ಆ ರಾತ್ರಿ ಮಗಳು, “ಅಪ್ಪಾ, ಅಮ್ಮಾ, ನಾನು ನರ್ಸಿಂಗ್ ಓದುತ್ತೇನೆ” ಎಂದಳು.

ಮೀರಜಿನಲ್ಲಿ ಇಂಥ ಮನಸ್ಸು ಹುಟ್ಟಿದ್ದು ಆಶ್ಚರ್ಯವಲ್ಲ. ಕೆನಡಾದಲ್ಲಿ ಹುಟ್ಟಿದ ವಿಲಿಯಂ ವಾನ್ಲೆಸ್ ಎಂಬ ಡಾಕ್ಟರು 1889ರಲ್ಲಿ ಪತ್ನಿ ಮೇರಿಯವರೊಡನೆ ಈ ಸೀಮೆಗೆ ಬಂದರು. 1894ರಲ್ಲಿ ಮೀರಜಿನಲ್ಲಿ ಆಸ್ಪತ್ರೆ ತೆರೆದರು. ತಾವೊಬ್ಬರೇ ಚಿಕಿತ್ಸೆ ಮಾಡಿದರೆ ಸಾಲದೆಂದು ಈ ನಾಡಿನ ಹುಡುಗರಿಗೂ ವೈದ್ಯ ಕಲಿಸಿದರು. ಸುಮಾರು ನಲವತ್ತು ವರ್ಷ ದುಡಿದು 1928ರಲ್ಲಿ ಬಿಟ್ಟು ಹೋದರು. ಅದಕ್ಕೂ ಹಿಂದೆ 1852ರಲ್ಲಿ ಕೊಲ್ಹಾಪುರಕ್ಕೆ ವೈಲ್ಡರ್ ಎಂಬ ಕುಟುಂಬ ಬಂದಿತ್ತು. ಅವರ ಮಗ ರಾಬರ್ಟ್ 1863ರಲ್ಲಿ ಕೊಲ್ಹಾಪುರದಲ್ಲೇ ಹುಟ್ಟಿದವನು. ಅಮೆರಿಕದ ಮೌಂಟ್ ಹರ್ಮನ್ ಎಂಬಲ್ಲಿ 1886ರ ಬೇಸಿಗೆಯಲ್ಲಿ 251 ವಿದ್ಯಾರ್ಥಿಗಳ ಶಿಬಿರ ನಡೆದಾಗ ಅವನ ಪ್ರೇರಣೆಯಿಂದ ನೂರು ಮಂದಿ ಸೇವೆಗೆ ಹೆಸರು ಕೊಟ್ಟರು. ಅವನ ಬೆನ್ನ ಹಿಂದೆ ಪ್ರಾರ್ಥಿಸಿದವಳು ಅಕ್ಕ ಗ್ರೇಸ್. 1887ರಲ್ಲಿ ತಂದೆ ತೀರಿಕೊಂಡ ಮೇಲೆ ಆಕೆ ತಾಯಿಯೊಡನೆ ಮತ್ತೆ ಭಾರತಕ್ಕೆ ಬಂದು ಸೇವೆ ಮಾಡಿದಳು. ಒಂದೇ ಬೇಸಿಗೆಯಲ್ಲಿ ಬದುಕಿನ ದಾರಿ ತಿರುಗುವುದು ಹೊಸ ಸಂಗತಿಯಲ್ಲ.

ಆದರೆ ಅವರ ಕಥೆ ಹೇಳುವುದು ಸುಲಭ, ನಮ್ಮ ಮನೆಯ ಲೆಕ್ಕ ಕಷ್ಟ. ಮಗಳು ಈ ವರ್ಷ ಕೆಲಸಕ್ಕೆ ಇಳಿದಿದ್ದರೆ ಮನೆಗೆ ಮೂರು ಹಾಜರಿ ಬೀಳುತ್ತಿತ್ತು. ಈಗ ಎರಡೇ. ಹಳೆಯ ಸಾಲ ಇನ್ನೂ ಇದೆ. ಫೀಸು, ಹಾಸ್ಟೆಲು, ಬಸ್ಸಿನ ಖರ್ಚು ಬೇರೆ. ಚಿಕ್ಕಪ್ಪನವರು, “ಹುಡುಗಿ ಓದಿ ಮದುವೆಯಾಗಿ ಹೋದರೆ ನಿಮಗೇನು ಬಂತು?” ಎಂದು ಕೇಳಿದರು. ಹಿರಿಯರು, ನಮ್ಮ ಮೇಲಿನ ಪ್ರೀತಿಯಿಂದಲೇ ಕೇಳಿದರು. ನಮ್ಮ ಉತ್ತರ ಇಷ್ಟೇ: ಹೆರಿಗೆ ನೋವು ಬಂದ ಹೆಂಗಸನ್ನು ರಾತ್ರಿ ಜೀಪಿನಲ್ಲಿ ಕರೆದುಕೊಂಡು ಹೋದಾಗ ಆಸ್ಪತ್ರೆಯ ಬಾಗಿಲಲ್ಲಿ ನಮ್ಮ ಮಾತು ಬಲ್ಲವಳೊಬ್ಬಳು ಇರಲೆಂದು ಈ ಲೈನಿನಲ್ಲಿ ಹಾರೈಸದವರು ಯಾರು? ಅವಳು ಯಾರದೋ ಮಗಳೇ ಆಗಿರಬೇಕಲ್ಲವೇ?

ನಾವು ಮೂರು ತೀರ್ಮಾನ ಮಾಡಿದ್ದೇವೆ. ಮಗಳ ಓದಿಗೆಂದು ಹೊಸ ಅಡ್ವಾನ್ಸ್ ತೆಗೆಯುವುದಿಲ್ಲ. ಹಬ್ಬಕ್ಕೆ ಹೊಸ ಬಟ್ಟೆ ಎರಡು ವರ್ಷ ಇಲ್ಲ. ಮಗ ಶನಿವಾರದ ಸಂತೆಯ ಖರ್ಚನ್ನು ತಾನೇ ಬರೆದಿಡುತ್ತಾನೆ. ಬಳ್ಳಿಯನ್ನು ಇಳಿಸಿದ ಹೊಸದರಲ್ಲಿ ತೋಟ ಬೋಳಾಗಿ ಕಾಣುತ್ತದೆ, ಎಲೆಯೂ ಸಿಗದು. ನಮ್ಮ ಮನೆಯೂ ಕೆಲವು ಕಾಲ ಹಾಗೆ ಕಂಡರೆ ದಯವಿಟ್ಟು ಮರುಗಬೇಡಿ.

ಕೂಟಕ್ಕೆ ಒಂದು ಬಿನ್ನಹವಿದೆ. ಮಿಜೋರಾಮಿನ ಸಭೆಗಳಲ್ಲಿ 1910ರಿಂದ ಒಂದು ಪದ್ಧತಿ ನಡೆದು ಬಂದಿದೆ. ಅಡುಗೆಗೆ ಅಕ್ಕಿ ಅಳೆಯುವಾಗ ತಾಯಂದಿರು ಒಂದು ಹಿಡಿ ಬೇರೆ ತೆಗೆದಿಡುತ್ತಾರೆ. ಅದನ್ನು ಕೂಡಿಸಿ ಮಾರಿದ ಹಣ ಸಭೆಯ ಸೇವೆಗೆ ಹೋಗುತ್ತದೆ. ಬಡವರ ಮನೆಯ ಹಿಡಿ ಅಕ್ಕಿಯೇ ದೊಡ್ಡ ನಿಧಿಯಾಗಿದೆ. ನಾವೂ ಹಾಗೆ ಮಾಡೋಣ. ಮುಂದಿನ ಭಾನುವಾರ ಬಾಗಿಲ ಬಳಿ ಒಂದು ಡಬ್ಬ ಇರಲಿ. ಲೆಕ್ಕಕ್ಕೆ ಇಬ್ಬರು, ಅವರಲ್ಲಿ ಒಬ್ಬರು ಹೆಂಗಸು. ತಿಂಗಳಿಗೊಮ್ಮೆ ಲೆಕ್ಕವನ್ನು ಎಲ್ಲರ ಮುಂದೆ ಓದಲಿ. ಹತ್ತನೆಯ ತರಗತಿಗೆ ಶಾಲೆ ಬಿಡಬೇಕಾದ ಮಕ್ಕಳಿಗೆ ಮೊದಲು ಸಿಗಲಿ. ಹುಡುಗನೋ ಹುಡುಗಿಯೋ ನೋಡುವುದು ಬೇಡ, ನಮ್ಮ ಸಭೆಯವರೋ ಅಲ್ಲವೋ ಎಂದೂ ನೋಡುವುದು ಬೇಡ. ನಮ್ಮ ಮಗಳಿಗೆ ಆ ಹಣ ಬೇಡ. ಈ ಮಾತನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಕೊಡ ಖಾಲಿಯಿದ್ದ ಊರಿನವರು ನೀರಿನ ಗಾಡಿ ದಾಟಿಹೋಗುವುದನ್ನು ನೋಡಿ ಸಂತೋಷಪಟ್ಟರಲ್ಲ, ಆ ಮನಸ್ಸನ್ನು ದೇವರು ನಮಗೂ ಕೊಡಲಿ. ಡಬ್ಬಕ್ಕೆ ಮೊದಲ ಹಿಡಿಯನ್ನು ನಮ್ಮ ಮನೆಯಿಂದ ತರುತ್ತೇವೆ. ಎರಡನೆಯದನ್ನು ಯಾರು ತರುವಿರಿ?