ಅಳ್ಳು ಹುರಿಯುವ ವಿದ್ಯೆ



ಈ ಭಾಷಣಕ್ಕೆ ನಾನು ಆರಿಸಿಕೊಂಡ ವಿಷಯವನ್ನು ಕೇಳಿ ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕರೆ ತಪ್ಪಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಪಂಪ ರನ್ನರನ್ನೂ ಕೇಶಿರಾಜನ ಸೂತ್ರಗಳನ್ನೂ ಪಾಠ ಹೇಳಿದವನು ಈಗ ಅಳ್ಳು ಹುರಿಯುವುದನ್ನು ಕುರಿತು ಮಾತನಾಡಲು ಹೊರಟಿದ್ದಾನೆ! ಆದರೆ ಕಳೆದ ಶ್ರಾವಣದಲ್ಲಿ, ಬೈಲಹೊಂಗಲದ ನನ್ನ ಮನೆಯ ಗ್ಯಾಸಿನ ಒಲೆಯ ಮುಂದೆ, ನನಗೊಂದು ಮಾನಭಂಗವಾಯಿತು. ಅದನ್ನು ಹೇಳಿಕೊಂಡರೆ ಮನಸ್ಸು ಹಗುರಾದೀತೆಂಬ ಆಸೆ.

ಮೊದಲು ಶಬ್ದವನ್ನೇ ನೋಡೋಣ. ಹಳೆಯ ಚಾಳಿ ಬಿಡುವುದಿಲ್ಲ. ಪುಸ್ತಕದ ಕನ್ನಡದಲ್ಲಿ ‘ಅರಳು’ ಎಂಬುದು ನಮ್ಮ ಕಡೆಯ ಬಾಯಲ್ಲಿ ‘ಅಳ್ಳು’ ಆಗಿದೆ. ಹುರುಳಿ ಹುಳ್ಳಿಯಾದಂತೆ, ಮರುಳ ಮಳ್ಳನಾದಂತೆ, ಕರುಳು ಕಳ್ಳಾದಂತೆ. ನಡುವಿನ ರಕಾರ ಮುಂದಿನ ಳಕಾರದಲ್ಲಿ ಕರಗಿಹೋಗುವ ಈ ಬದಲಾವಣೆಯನ್ನು ನಾನು ಎಷ್ಟೋ ತರಗತಿಗಳಲ್ಲಿ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಹೂವು ಬಿರಿಯುವುದಕ್ಕೂ ಕಾಳು ಬಿರಿಯುವುದಕ್ಕೂ ಕನ್ನಡ ಒಂದೇ ಮಾತನ್ನು ಇಟ್ಟುಕೊಂಡಿದೆ. ಹಳಗನ್ನಡದ ‘ಅಲರ್’ ಅದರ ಬಂಧುವೇ. ಅಲರ್ ಎಂದರೆ ಹೂವೂ ಹೌದು, ಅರಳುವುದೂ ಹೌದು. ಸಂಸ್ಕೃತದವರು ಇದನ್ನು ‘ಲಾಜ’ ಎಂದರು. ವೈದಿಕ ವಿವಾಹದ ಲಾಜಾಹೋಮದಲ್ಲಿ ಮದುಮಗಳ ಬೊಗಸೆಗೆ ಬತ್ತದ ಅರಳನ್ನು ಸುರಿಯುವವನು ಅವಳ ಸೋದರ. ಇಷ್ಟನ್ನೆಲ್ಲ ನಾನು ಬಲ್ಲೆ. ಕಾಳು ಏಕೆ ಅರಳುತ್ತದೆ, ಯಾವಾಗ ಅರಳುವುದಿಲ್ಲ ಎಂಬುದು ಮಾತ್ರ ಅರವತ್ತು ದಾಟುವವರೆಗೂ ನನಗೆ ಗೊತ್ತಿರಲಿಲ್ಲ.

ನಮ್ಮ ಸೀಮೆಯ ಪರಿಚಯವಿಲ್ಲದವರಿಗೆ ಒಂದು ಮಾತು. ಕಿತ್ತೂರಿನ ಕಡೆಗೆ ಹೋದರೆ ಮಲೆನಾಡಿನ ಸೆರಗು ಸಿಗುತ್ತದೆ, ಬತ್ತದ ಗದ್ದೆಗಳು ಕಾಣುತ್ತವೆ. ಅಲ್ಲಿಂದ ಮೂಡಲಕ್ಕೆ ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂದು ಸಾಗಿದಂತೆ ಮಳೆ ಕಡಿಮೆಯಾಗುತ್ತ, ಎರೆಯ ಹೊಲಗಳು ಹರವಿಕೊಳ್ಳುತ್ತ, ಜೋಳವೇ ಅನ್ನವಾಗುತ್ತದೆ. ಆದ್ದರಿಂದ ನಮ್ಮಲ್ಲಿ ಅಳ್ಳು ಎಂದರೆ ಜೋಳದ ಅಳ್ಳು. ಅದು ನಾಗರಪಂಚಮಿಯ ತಿನಿಸು. ಎಳ್ಳುಂಡಿ, ಶೇಂಗಾ ಉಂಡಿ, ತಂಬಿಟ್ಟು ಎಷ್ಟೇ ಇರಲಿ, ಅಳ್ಳಿಲ್ಲದೆ ಪಂಚಮಿ ಪಂಚಮಿಯಲ್ಲ. ಜರಡಿ ಹಿಡಿದ ಅಳ್ಳಿಗೆ ಬೆಳ್ಳುಳ್ಳಿ, ಕರಿಬೇವು, ಪುಟಾಣಿ, ಒಣಕೊಬ್ಬರಿ ಹಾಕಿ ಒಗ್ಗರಣೆ ಕೊಟ್ಟರೆ ಒಂದು ರುಚಿ. ಬೀಸಿ ಬೆಲ್ಲ ಕಲಸಿ ಅಳ್ಳಿಟ್ಟು ಮಾಡಿದರೆ ಇನ್ನೊಂದು. ಚುರುಮುರಿಯೊಡನೆ ಇದನ್ನು ಸೇರಿಸಬಾರದು. ಚುರುಮುರಿ ಭಟ್ಟಿಯವರ ಕೆಲಸ. ಹೊಟ್ಟು ತೆಗೆದ ಅಕ್ಕಿಯನ್ನು ಕಾದ ಉಸುಕಿನಲ್ಲಿ ಉಬ್ಬಿಸುವುದು. ಅಳ್ಳು ಮನೆಯ ಕೆಲಸ. ಕಾಳು ತನ್ನ ತೊಗಟೆಯನ್ನು ತಾನೇ ಒಡೆದುಕೊಂಡು ಹೊರಬರುವುದು.

ಎಲ್ಲ ಜೋಳವೂ ಅರಳುವುದಿಲ್ಲ. ರೊಟ್ಟಿಯ ಜೋಳದ ದಪ್ಪ ಕಾಳು ಹುರಿದರೆ ಕೆಂಪಾಗುತ್ತದೆ, ಅಷ್ಟೆ. ಅಳ್ಳಿಗೆ ಬೇರೆ ಜೋಳವೇ ಉಂಟು. ಸಣ್ಣದು, ದುಂಡಗಿನದು, ಹಲ್ಲಿಗೆ ಗಟ್ಟಿಯಾದದ್ದು. ‘ಅಳ್ಳಿನ ಜೋಳ’ ಎಂದೇ ಅದರ ಹೆಸರು. ಇದನ್ನು ಹೊಲತುಂಬ ಬಿತ್ತಿದವರನ್ನು ನಾನು ಕಂಡಿಲ್ಲ. ಹೊಲದ ಅಂಚಿನಲ್ಲಿ ಎರಡು ಸಾಲು, ನಾಲ್ಕು ಸಾಲು, ಹಬ್ಬಕ್ಕೆ ಸಾಕಾಗುವಷ್ಟು. ಅದರ ಬೀಜವನ್ನು ಕಾಯ್ದುಕೊಂಡು ಬಂದವರು ಹೆಣ್ಣುಮಕ್ಕಳು. ಸುಗ್ಗಿಯಲ್ಲಿ ತೆನೆ ಆರಿಸಿ, ಬೂದಿ ಬೆರೆಸಿ ಗಡಿಗೆಯಲ್ಲಿ ತುಂಬಿ, ಅಟ್ಟದ ಮೂಲೆಯಲ್ಲಿ ಇಡುತ್ತಿದ್ದರು. ಗಂಡಸರ ಲೆಕ್ಕದ ವಹಿಯಲ್ಲಿ ಈ ಬೆಳೆಗೆ ಒಂದು ಸಾಲೂ ಇರುತ್ತಿರಲಿಲ್ಲ.

ಆದುದರಿಂದ ಅದು ಹೋದದ್ದೂ ಯಾರ ಕಣ್ಣಿಗೂ ಬೀಳಲಿಲ್ಲ. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗಿಳಿಯಿತು. ಒಳ್ಳೆಯದೇ ಆಯಿತು, ಬರಗಾಲದ ಭಯ ಕಂಡವರು ಅದನ್ನು ಅಲ್ಲಗಳೆಯಲಾರರು. ನೀರು ಬಂದಲ್ಲಿ ಕಬ್ಬು ಬಂತು, ಗೋವಿನಜೋಳ ಬಂತು. ನಮ್ಮವರು ಅದನ್ನು ಗೊಂಜಾಳ ಎನ್ನುತ್ತಾರೆ. ಹೊಲದ ಅಂಚೂ ಬೆಲೆಬಾಳುವಂಥದಾಯಿತು. ಹಬ್ಬದ ಎರಡು ಸಾಲಿಗೆ ಅಲ್ಲಿ ಎಡೆಯಿಲ್ಲದಾಯಿತು.

ಈಗ ನನ್ನ ಕಥೆಗೆ ಬರುತ್ತೇನೆ. ನನ್ನ ಅಕ್ಕನನ್ನು ರಾಮದುರ್ಗದ ಹತ್ತಿರದ ಹಳ್ಳಿಗೆ ಕೊಟ್ಟಿದೆ. ಎಪ್ಪತ್ತು ದಾಟಿದೆ. ಕಣ್ಣು ಬಹುಮಟ್ಟಿಗೆ ಹೋಗಿವೆ. ಬೆಳಕು ಯಾವ ಕಡೆಗಿದೆಯೆಂದು ತಿಳಿಯುತ್ತದೆ, ಮನುಷ್ಯರು ನೆರಳಿನಂತೆ ಕಾಣುತ್ತಾರೆ. ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಗಳನ್ನು ತವರಿಗೆ ಕರೆತರುವುದು ನಮ್ಮ ನಾಡಿನ ಪದ್ಧತಿ; ಜನಪದ ಹಾಡುಗಳಲ್ಲಿ ಅರ್ಧಪಾಲು ಈ ದಾರಿ ಕಾಯುವುದರಲ್ಲೇ ಕಳೆಯುತ್ತವೆ. ನಾನು ಆ ಹಾಡುಗಳ ಮೇಲೆ ಲೇಖನ ಬರೆದಿದ್ದೇನೆ. ನೌಕರಿಯ ವರ್ಷಗಳಲ್ಲಿ ಅಕ್ಕನನ್ನು ಕರೆಯಲು ಹೋದದ್ದು ಎಷ್ಟು ಸಲ ಎಂದು ಕೇಳಿದರೆ ಮಾತ್ರ ತಲೆ ತಗ್ಗಿಸಬೇಕಾಗುತ್ತದೆ. ಕಳೆದ ವರ್ಷ ಹೋದೆ. ಅವಳು ಸಂಚಿಯೊಳಗಿಂದ ಒಂದು ಗಂಟು ತೆಗೆದು ನನ್ನ ಕೈಯಲ್ಲಿಟ್ಟಳು. ಎರಡು ಸೇರು ಅಳ್ಳಿನ ಜೋಳ. “ಇಷ್ಟ ಉಳದದ ನೋಡು ತಮ್ಮಾ. ಹ್ವಾದ ವರ್ಷ ಹುಡುಗ ಬಿತ್ತಲಿಲ್ಲ,” ಎಂದಳು.

ಆಗ ನನಗೊಂದು ಗರ್ವವಿತ್ತು. ಮೊಮ್ಮಗಳು ರಜೆಗೆ ಬಂದಾಗ ಪಾಪ್‌ಕಾರ್ನ್ ಬೇಕೆಂದು ಹಟ ಹಿಡಿದಿದ್ದಳು. ಅಂಗಡಿಯಿಂದ ಗೊಂಜಾಳದ ಕಾಳು ತಂದು ಒಲೆಯ ಮೇಲೆ ಮಾಡಿಕೊಟ್ಟಿದ್ದೆ. ಅದರ ಕ್ರಮ ಸುಲಭ. ತಳ ದಪ್ಪಗಿರುವ ಪಾತ್ರೆಯಲ್ಲಿ ಎರಡು ಚಮಚೆ ಎಣ್ಣೆ ಕಾಯಿಸಿ ಮೂರೇ ಕಾಳು ಹಾಕಬೇಕು. ಮೂರೂ ಸಿಡಿದವೆಂದರೆ ಎಣ್ಣೆ ಹದಕ್ಕೆ ಬಂದಿತು. ಆಗ ಉಳಿದ ಕಾಳನ್ನು ತಳ ಮುಚ್ಚುವಷ್ಟು, ಒಂದರ ಮೇಲೊಂದು ಬೀಳದಂತೆ ಹಾಕಿ, ಮುಚ್ಚಳವನ್ನು ಹಬೆ ಹೋಗುವಷ್ಟು ಓರೆಮಾಡಿ, ಪಾತ್ರೆಯನ್ನು ಆಗಾಗ ಅಲುಗಿಸುತ್ತಿರಬೇಕು. ಮುಚ್ಚಳವನ್ನು ಪೂರ್ತಿ ಬಿಗಿದರೆ ಹಬೆ ಒಳಗೇ ನಿಂತು ಅರಳು ಮೆತ್ತಗಾಗುತ್ತದೆ. ಸಿಡಿಯುವ ಸದ್ದು ವಿರಳವಾಗಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಎರಡು ಸೆಕೆಂಡು ಬಿಡುವು ಬಂದಾಗ ಇಳಿಸಿಬಿಡಬೇಕು. ಕೊನೆಯ ಕಾಳಿಗಾಗಿ ಕಾಯುವವನು ಮೊದಲಿನವನ್ನೆಲ್ಲ ಸುಟ್ಟುಕೊಳ್ಳುತ್ತಾನೆ.

ಹಬ್ಬದ ದಿನ ನಮ್ಮ ಮನೆಯಲ್ಲಿ ಒಲೆಗೆ ಹಂಚಿಡುವುದಿಲ್ಲ. ಹುರಿಯುವುದೆಲ್ಲ ಮೊದಲೇ ಮುಗಿಯಬೇಕು. ಅಕ್ಕ ಮಧ್ಯಾಹ್ನ ಅಡ್ಡಾಗಿದ್ದಳು. ಅವಳು ಏಳುವುದರೊಳಗೆ ಅಳ್ಳು ಮಾಡಿ ಮುಂದಿಡೋಣವೆಂದು, ಅದೇ ಪಾತ್ರೆ, ಅದೇ ಎಣ್ಣೆ, ಗಂಟಿನ ಅರ್ಧದಷ್ಟು ಜೋಳವನ್ನು ಒಮ್ಮೆಗೇ ಸುರಿದು ಮುಚ್ಚಳ ಮುಚ್ಚಿದೆ. ಅಲ್ಲೊಂದು ಇಲ್ಲೊಂದು ಚಟ್ ಎಂದಿತು. ಆಮೇಲೆ ಹೊಗೆ ಬಂತು. ಮುಚ್ಚಳ ತೆಗೆದರೆ ತಳದಲ್ಲಿ ಒಂದು ಸೇರು ಕಪ್ಪು ಮಣಿ! ವಾಸನೆಗೆ ಅಕ್ಕ ಎದ್ದು ಗೋಡೆ ಹಿಡಿದುಕೊಂಡು ಬಂದಳು. ಕಣ್ಣು ಕಾಣದವಳಿಗೆ ನಾನು ಏನನ್ನೂ ಹೇಳಬೇಕಾಗಲಿಲ್ಲ. “ಎಷ್ಟ ಹಾಕಿದಿ?” ಎಂದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀರ ಕುಡಿಸಿದ್ದೇನ?” ಎಂದು ಕೇಳಿದಳು.

ಆ ಪ್ರಶ್ನೆ ನನಗೆ ಅರ್ಥವೇ ಆಗಲಿಲ್ಲ. ಹುರಿಯುವ ಕಾಳಿಗೆ ನೀರೇಕೆ? ಆ ರಾತ್ರಿ ನಾನು ಪುಸ್ತಕ ಬಿಡಿಸಿದೆ. ಅವಳು ಕಾಳಿಗೆ ನೀರು ಕುಡಿಸಿದಳು. ನನಗೆ ಪುಸ್ತಕ ಹೇಳಿದ್ದು ಇದು. ಕಾಳಿನ ಹೊಟ್ಟೆಯಲ್ಲಿ ಗಟ್ಟಿ ಪಿಷ್ಟವಿದೆ, ಅದರೊಳಗೆ ತುಸು ನೀರಿದೆ, ಸುತ್ತಲೂ ಬಿಗಿ ತೊಗಟೆಯಿದೆ. ಕಾಯಿಸಿದಾಗ ನೀರು ಹಬೆಯಾಗಲು ಹವಣಿಸುತ್ತದೆ, ತೊಗಟೆ ಬಿಡುವುದಿಲ್ಲ. ಒತ್ತಡ ಏರಿ ಏರಿ ಹೊರಗಿನ ಗಾಳಿಯದಕ್ಕಿಂತ ಸುಮಾರು 9 ಪಟ್ಟಾಗುತ್ತದೆ. ಪಿಷ್ಟ ಬೆಂದು ಮೆತ್ತಗಾಗುತ್ತದೆ. 180 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ತೊಗಟೆ ಹರಿಯುತ್ತದೆ. ಮೆತ್ತಗಿನ ಪಿಷ್ಟ ನೊರೆಯಂತೆ ಉಕ್ಕಿ, ಹೊರಗಿನ ತಂಪಿಗೆ ಹಾಗೆಯೇ ಗಟ್ಟಿಯಾಗಿ ನಿಲ್ಲುತ್ತದೆ. ನಾವು ತಿನ್ನುವುದು ಆ ನೊರೆಯನ್ನು. ಇವು ಗೊಂಜಾಳದ ಅಂಕಿಗಳು. ಜೋಳದ ನಡೆಯೂ ಇದೇ ಬಗೆಯದು. ಗೊಂಜಾಳದಲ್ಲಿ ನೂರಕ್ಕೆ ಸುಮಾರು 14 ಪಾಲು ತೇವವಿದ್ದರೆ ಉತ್ತಮ. ಕಡಿಮೆಯಾದರೆ ಹಬೆ ಸಾಲದು. ಹೆಚ್ಚಾದರೆ ತೊಗಟೆ ಬೇಗನೆ ಸೋತು ಅರಳು ಚಿಕ್ಕದಾಗುತ್ತದೆ. ತೊಗಟೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ಹಬೆ ಸೋರಿಹೋಗಿ ಕಾಳು ಕಲ್ಲಾಗಿ ಉಳಿಯುತ್ತದೆ. ಮಾಗಿಯ ಕೊನೆಗೆ ಕೊಯ್ದ ಜೋಳ ಶ್ರಾವಣದ ಹೊತ್ತಿಗೆ ಒಣಗಿ ಹೋಗಿರುತ್ತದೆ. ಅದಕ್ಕೇ ನೀರು ಕುಡಿಸುವುದು.

ಇಷ್ಟು ತಿಳಿದು ಮಲಗಿದೆ. ಅಷ್ಟರಲ್ಲಿ ಅಕ್ಕ ಉಳಿದ ಕಾಳಿನಿಂದ ಒಂದು ಗಿದ್ನದಷ್ಟನ್ನು ಬೇರೆ ತೆಗೆದು ಸೆರಗಿಗೆ ಕಟ್ಟಿಕೊಂಡಿದ್ದಳು. ಮಿಕ್ಕದ್ದಕ್ಕೆ ಬಿಸಿನೀರು ಚಿಮುಕಿಸಿ, ಕೈಯಿಂದ ಮಗುಚಿ, ದಪ್ಪ ಅರಿವೆಯಲ್ಲಿ ಬಿಗಿದು ಕಟ್ಟಿ, ಮೇಲೊಂದು ಪಾತ್ರೆ ಬೋರಲಿಟ್ಟಿದ್ದಳು. ಬೆಳಗ್ಗೆ ನೆರಳಿನಲ್ಲಿ ಹರವಿಸಿದಳು. ಎಷ್ಟು ಹೊತ್ತು ಎಂದು ಕೇಳಿದೆ. ಗಡಿಯಾರದ ಲೆಕ್ಕ ಅವಳಲ್ಲಿರಲಿಲ್ಲ. ಮುಷ್ಟಿಯಲ್ಲಿ ಹಿಡಿದು ನೋಡಿದಳು. ಕಾಳು ಅಂಗೈಗೆ ಅಂಟಬಾರದು, ಆದರೆ ತಂಪು ಹತ್ತಬೇಕು. ನೂರಕ್ಕೆ 14 ಎಂಬುದನ್ನು ಅಂಗೈಯಿಂದ ಅಳೆಯುವ ಕ್ರಮ ಅದೇ ಇರಬೇಕು.

ಹುರಿದದ್ದು ನಾನು, ಹೇಳಿಕೊಟ್ಟದ್ದು ಅವಳು. ಎಣ್ಣೆ ಬೇಡ, ಮುಚ್ಚಳ ಬೇಡ. ಕಬ್ಬಿಣದ ಕಡಾಯಿ, ದೊಡ್ಡ ಉರಿ. ಒಂದು ಕೋಲಿನ ತುದಿಗೆ ಹಳೆಯ ಅರಿವೆ ಸುತ್ತಿ ಗಂಟು ಹಾಕಿಸಿದಳು. ಚಿಕ್ಕವನಿದ್ದಾಗ ಅವ್ವನ ಕೈಯಲ್ಲಿ ಆ ಕೋಲನ್ನು ಕಂಡಿದ್ದೆ. ಅದು ಏಕೆಂದು ಕೇಳಿರಲಿಲ್ಲ. ಸಣ್ಣ ಕಾಳು ತಳದಲ್ಲಿ ಒಂದು ಕ್ಷಣ ನಿಂತರೂ ಸುಡುತ್ತದೆ. ಸೌಟು ಅದನ್ನು ಪೂರ್ತಿ ಎತ್ತಲಾರದು, ಅರಿವೆಯ ಗಂಟು ಎಲ್ಲವನ್ನೂ ಒಟ್ಟಿಗೆ ಉರುಳಿಸುತ್ತದೆ. ಒಂದು ಸಲಕ್ಕೆ ಒಂದೇ ಹಿಡಿ. ಅಕ್ಕ ಒಲೆಗೆ ಬೆನ್ನು ಮಾಡಿ ಕುಳಿತಿದ್ದಳು. “ಈಗ ತಿರುವು... ಜಲ್ದಿ... ಉರಿ ಸಣ್ಣ ಆಗೇತಿ ನೋಡು... ಸಾಕು, ತಗಿ, ತಗಿ!” ಹಿಡಿಗೊಂದರಂತೆ ಹದಿನೈದು ಇಪ್ಪತ್ತು ಸಲ ಹುರಿದಿರಬೇಕು. ಒಂದು ಸಲವೂ ಅವಳ ಲೆಕ್ಕ ತಪ್ಪಲಿಲ್ಲ. 2015ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ಕಾಳು ಅರಳುವುದನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು ನೋಡಿದರು. ಚಟ್ಟೆನ್ನುವುದು ತೊಗಟೆ ಹರಿಯುವ ಸದ್ದಲ್ಲ, ಒಳಗಿದ್ದ ಹಬೆ ಹೊರಬೀಳುವ ಸದ್ದು ಎಂದು ಕಂಡುಕೊಂಡರು. ಅಕ್ಕನಿಗೆ ಇದನ್ನು ಹೇಳಿದೆ. “ಹೂಂ, ನೀರ ಮಾತಾಡತೈತಿ,” ಎಂದು ಸುಮ್ಮನಾದಳು.

ಪಾಪ್‌ಕಾರ್ನಿನ ಮೇಲೆ ನನಗೆ ಸಿಟ್ಟಿಲ್ಲ. ಅದೇನು ನಿನ್ನೆ ಮೊನ್ನೆಯದಲ್ಲ. ಪೆರು ದೇಶದ ಕಡಲ ದಂಡೆಯಲ್ಲಿ 6,700 ವರ್ಷಗಳಷ್ಟು ಹಳೆಯ ಗೊಂಜಾಳದ ದಿಂಡುಗಳು ಸಿಕ್ಕಿವೆ, ಆ ಜನ ಅರಳು ಮಾಡಿ ತಿನ್ನುತ್ತಿದ್ದರೆಂದು 2012ರಲ್ಲಿ ಪ್ರಕಟವಾಯಿತು. ಚಿಕಾಗೋದ ಚಾರ್ಲ್ಸ್ ಕ್ರೆಟರ್ಸ್ ತನ್ನ ಹಬೆಯ ಪಾಪ್‌ಕಾರ್ನ್ ಯಂತ್ರವನ್ನು ಲೋಕದ ಮುಂದಿಟ್ಟದ್ದು 1893ರ ಮಹಾಪ್ರದರ್ಶನದಲ್ಲಿ. ಅದರ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿಯೇ ವಿವೇಕಾನಂದರು ಮಾತನಾಡಿದ್ದು. ಅದಕ್ಕೆ ಹಿಂದಿನ ವರ್ಷ ಅವರು ನಮ್ಮ ಬೆಳಗಾವಿಗೆ ಬಂದಿದ್ದರು. ನಮ್ಮವರು ಅವರಿಗೆ ಅಳ್ಳು ಕೊಟ್ಟಿದ್ದರೋ ಇಲ್ಲವೋ! ನನ್ನ ತಕರಾರು ಇಷ್ಟೇ: ಗೊಂಜಾಳದ ಪೊಟ್ಟಣ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಅಳ್ಳಿನ ಜೋಳ ನನ್ನ ಅಕ್ಕನ ಸೆರಗಿನಲ್ಲಿ ಒಂದು ಗಿದ್ನ ಉಳಿದಿತ್ತು. ಅದರಲ್ಲಿ ಒಂದು ಸೇರನ್ನು ಸುಟ್ಟವನು ಕನ್ನಡದ ಪ್ರಾಧ್ಯಾಪಕ.

ಹಬ್ಬ ಮುಗಿದ ಮೇಲೆ ಅವಳನ್ನು ಕಳಿಸಿಬರಲು ಹೋದೆ. ಸವದತ್ತಿಯಲ್ಲಿ ಬಸ್ಸು ಬದಲಿಸಿ ಕುಳಿತಾಗ ಕಿಟಕಿಯ ಕಡೆ ಮುಖಮಾಡಿ, “ಹೊಲದಾಗ ಏನೈತಿ?” ಎಂದಳು. “ಗೊಂಜಾಳ,” ಎಂದೆ. ತುಸು ದೂರ ಹೋದ ಮೇಲೆ, “ಈಗ?” ಎಂದಳು. “ಗೊಂಜಾಳ.” ಮತ್ತೆ ಕೇಳಲಿಲ್ಲ. ಮನೆ ಮುಟ್ಟಿದ ಕೂಡಲೇ ಸೆರಗಿನ ಗಂಟು ಬಿಚ್ಚಿ ಮಗನ ಕೈಗೆ ಹಾಕಿ, ಹಿಂಗಾರಿಗೆ ಎರಡು ಸಾಲು ಬಿತ್ತೆಂದು ಹೇಳಿದಳು. ಅವನು ಹೂಂ ಎಂದು ಅದನ್ನು ಮಾಡಿನಲ್ಲಿಟ್ಟ. ಆ ಹೂಂಕಾರದಲ್ಲಿ ನನಗೆ ನಂಬಿಕೆ ಬರಲಿಲ್ಲ. ಸೀಗಿಹುಣ್ಣಿವೆ ಕಳೆದ ಮೇಲೆ ಫೋನು ಮಾಡಿ ಕೇಳಿದೆ. “ಬಿತ್ತೇನಿ ಮಾಮಾ, ನಾಕ ಸಾಲ,” ಎಂದ.

ತೆನೆ ಹಾಲುಗಾಳಿಗೆ ಬಂದಾಗ ಮತ್ತೆ ವಿಚಾರಿಸಿದೆ. ಹಕ್ಕಿ ಕಾಯಲು ಬೇರೆ ಯಾರನ್ನೂ ಇಟ್ಟಿಲ್ಲವಂತೆ. ಬೆಳಗ್ಗೆ ಅಕ್ಕನನ್ನು ಕೈಹಿಡಿದು ಕರೆದೊಯ್ದು ಬದುವಿನ ಮೇಲೆ ಕೂಡಿಸುತ್ತಾರಂತೆ. ರೆಕ್ಕೆಯ ಸದ್ದು ಯಾವ ಕಡೆಯಿಂದ ಬಂತೋ ಆ ಕಡೆಗೆ ಡಬ್ಬ ಬಡಿಯುತ್ತಾಳಂತೆ.